ಹನ್ನೆರಡನೇ ಅಂತಸ್ತಿನ ಅಂದಾಜು

ನಮ್ಮೂರಿನ ಬಸಲಿಂಗಪ್ಪನವರ ಮನೆಯಲ್ಲಿ ಅಡುಗೆಮನೆಗೆ ಹೋಗಬೇಕಾದರೆ ಕಿಟಕಿ ಹತ್ತಿ ಇಳಿಯಬೇಕು. ಬಾಗಿಲು ಬಿಡುವ ಮೊದಲೇ ಗಡುವು ಮುಗಿದುಹೋಯಿತು, ಇನ್ನೇನು ಮಾಡಿಯಾರು? ಗೌಂಡಿ ಅವಸರದ ಮನುಷ್ಯ, ನನ್ನನ್ನು ಒಂದು ಮಾತು ಕೇಳದೆ ಗಡುವಿನ ಕಲ್ಲಿನ ಮೇಲೆ ನಿಂತು "ಆರು ತಿಂಗಳು" ಎಂದುಬಿಟ್ಟಿದ್ದ. ಆರನೇ ತಿಂಗಳ ಕೊನೆಯ ದಿನ ಹೊತ್ತು ಮುಳುಗಿದ್ದೇ ತಡ, ಆ ಮನೆಗೆ ಗಾರೆ ಹತ್ತಲಿಲ್ಲ, ಮೊಳೆ ಇಳಿಯಲಿಲ್ಲ, ಕಟ್ಟಿದ ಗೋಡೆ ಒಡೆಯಲೂ ಬರಲಿಲ್ಲ. ಈಗ ಅವರ ಸೊಸೆ ಸಾರಿನ ಪಾತ್ರೆ ಹಿಡಿದು ಕಿಟಕಿ ದಾಟುವುದನ್ನು ನೀವು ನೋಡಬೇಕು, ಒಂದು ಹನಿ ಚೆಲ್ಲುವುದಿಲ್ಲ. ಆ ಮನೆಗೆ ಹೆಣ್ಣು ಕೊಡುವವರು ಮಗಳಿಗೆ ಮೊದಲು ಕಿಟಕಿ ದಾಟುವುದನ್ನು ಕಲಿಸಿ, ಆಮೇಲೆ ಬಳೆ ತೊಡಿಸುತ್ತಾರೆ.

ಹಾಗಂತ ಹೆಚ್ಚು ಹೇಳಿಬಿಟ್ಟರೆ ಪಾರಾದೆವು ಎಂದುಕೊಳ್ಳಬೇಡಿ. ಸಾಲಿಯ ಕಾಂಪೌಂಡ್ ಗೋಡೆಗೆ, "ಇರಲಿ ಬಿಡು" ಎಂದು ಹದಿನೇಳು ವರ್ಷದ ಗಡುವು ಹೇಳಿದ ಪುಣ್ಯಾತ್ಮನೊಬ್ಬನಿದ್ದ. ಒಂದು ಇಟ್ಟಿಗೆ ಇಟ್ಟರೆ ಇನ್ನೊಂದು ಬೀಳುತ್ತಿತ್ತು. ಆ ಹದಿನೇಳು ವರ್ಷ ಹುಡುಗರೆಲ್ಲ ಮಧ್ಯಾಹ್ನ ಸಾಲಿಯಿಂದ ಸೀದಾ ಹಳ್ಳಕ್ಕೆ ಓಡಿದರು. ಅದಕ್ಕೇ ನಮ್ಮಲ್ಲಿ ಒಂದು ತಲೆಮಾರಿಗೆ ಮಗ್ಗಿ ಬರುವುದಿಲ್ಲ, ಈಜು ಮಾತ್ರ ಭರ್ಜರಿ ಬರುತ್ತದೆ. ಇನ್ನು ಗಡುವನ್ನೇ ಹೇಳದೆ ಶುರು ಹಚ್ಚಿಕೊಳ್ಳೋಣ ಎಂದರೆ ಸೂಜಿ ಬಟ್ಟೆಗೆ ಇಳಿಯುವುದಿಲ್ಲ. ಸಣ್ಣಪುಟ್ಟ ಕೆಲಸಕ್ಕೆ ಅವರವರೇ ಹೇಳಿಕೊಳ್ಳುತ್ತಾರೆ. ಒಲೆಯ ಮುಂದೆ "ಅರ್ಧ ತಾಸು" ಎಂದರೆ ಅನ್ನ ಅರ್ಧ ತಾಸಿಗೆ ಬೇಯುತ್ತದೆ. ದೊಡ್ಡ ಕೆಲಸಕ್ಕೆ ಮಾತ್ರ ಪೇಟೆಯ ನಡುವಿನ ಕಲ್ಲು ಹತ್ತಬೇಕು. ಹತ್ತುವ ಮೊದಲು, ಬುದ್ಧಿ ಇದ್ದವರು, ನನ್ನ ಹತ್ತಿರ ಬರುತ್ತಿದ್ದರು.

ನಾನು ಗುರುಪಾದಪ್ಪ. ಊರಿನ ಅಂದಾಜಿನವನಾಗಿದ್ದೆ. ನಮ್ಮಪ್ಪನೂ ಅಂದಾಜಿನವನೇ, ಅವನ ಅಪ್ಪನೂ ಹೌದು. ಇಪ್ಪತ್ತೆಂಟು ವರ್ಷ ನನ್ನ ಅಂದಾಜು ಒಂದು ದಿನ ಆಚೆ ಈಚೆ ಆಗಿರಲಿಲ್ಲ. ಸ್ವಂತ ಬಾಯಿಂದ ಹೇಳಿಕೊಳ್ಳಬಾರದು, ಆದರೆ ನಾನು ಹೇಳಿಕೊಳ್ಳದೆ ಬಿಟ್ಟ ದಿನವೂ ಇಲ್ಲ. ಕಸುಬಿನ ಗುಟ್ಟು ಇಷ್ಟೇ. ಕೆಲಸದವರು ಬಂದು ಕೂತು ತಮ್ಮ ಕೆಲಸ ವಿವರಿಸುವಾಗ "ಅದೇನ್ ಮಹಾ" ಎಂದು ಎಷ್ಟು ಸಲ ಅನ್ನುತ್ತಾರೋ ಅಷ್ಟು ಬೆರಳು ಮಡಿಸುತ್ತಿದ್ದೆ. ಒಂದು "ಅದೇನ್ ಮಹಾ" ಅಂದರೆ ಒಂದು ತಿಂಗಳು ಹೆಚ್ಚಿಗೆ. ಬಡಿಗನಿಗಾಗಲಿ ನೇಕಾರನಿಗಾಗಲಿ ಈ ಲೆಕ್ಕ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಕಸ್ತೂರಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಪೇಟೆಯಲ್ಲಿ ಮಿಕ್ಸರು, ಫ್ಯಾನು, ರೇಡಿಯೊ ರಿಪೇರಿ ಮಾಡುವ ಹೆಂಗಸು, ಜಡೆಯಲ್ಲಿ ಯಾವಾಗಲೂ ಒಂದು ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಾಳೆ. ನನಗಿಂತ ಆರು ವರ್ಷ ಚಿಕ್ಕವಳು. ಬಂದವಳೇ ನನ್ನ ಜಗುಲಿಯ ಮೇಲೆ ಕೂತು, "ಗುರುಪಾದಣ್ಣಾ, ಕೋಟೆ ಗಿಳಿ ಮತ್ತ ಮಾಡ್ತೀನಿ. ಕಂಪ್ಯೂಟರಿನ್ಯಾಗ. ಎಷ್ಟ ದಿನ ಹಿಡೀತೈತಿ ಹೇಳು" ಅಂದಳು.

ನನ್ನ ಕೈಯಲ್ಲಿದ್ದ ಅಡಿಕೆ ಕೆಳಗೆ ಬಿತ್ತು. ಕೋಟೆ ಗಿಳಿ ಅಂದರೆ ನಮ್ಮ ವಯಸ್ಸಿನವರಿಗೆ ಹುಡುಗಾಟದ ಹೊತ್ತಿನ ಹುಚ್ಚು. ನೀಲವ್ವನ ಚಹಾದಂಗಡಿಯ ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ವಿಡಿಯೊ ಗೇಮಿನ ಪೆಟ್ಟಿಗೆ ಇತ್ತು. ಎಂಟಾಣೆ ಹಾಕಿದರೆ ಹಸಿರು ಗಿಳಿಯೊಂದು ಕೋಟೆಯ ಅಂತಸ್ತು ಅಂತಸ್ತು ಹಾರಿ ಮೇಲೇರುತ್ತಿತ್ತು, ದಪ್ಪ ಮೀಸೆಯ ಕಾವಲುಗಾರ ಕೋಲು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದ. ಅವನ ಕೋಲಿಗೆ ಸಿಕ್ಕು ನಾವು ಕಳೆದುಕೊಂಡ ಎಂಟಾಣೆಗಳಲ್ಲಿ ಒಂದು ಎತ್ತು ಬರುತ್ತಿತ್ತು. ಕೋಟೆಗೆ ಹನ್ನೆರಡು ಅಂತಸ್ತು ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಆದರೆ ಊರಲ್ಲಿ ಯಾರಿಗೂ ಹನ್ನೊಂದು ದಾಟಲು ಆಗಿರಲಿಲ್ಲ. ಹನ್ನೊಂದರವರೆಗೆ ಹೋದವನೂ ನಾನೊಬ್ಬನೇ. ಹಾಗಾಗಿ ಇಡೀ ಊರು ನನ್ನನ್ನು ತಲೆ ಮೇಲೆ ಹೊತ್ತುಕೊಂಡು ತಿರುಗುತ್ತಿತ್ತು.

ಅಂಥದರಲ್ಲಿ ಒಂದು ದಿನ ಅಂಗಡಿಯ ಮುಂದಿನ ಹುಣಸೆಮರದ ಜೇನು ಎದ್ದವು. ಎಲ್ಲರೂ ದಿಕ್ಕಾಪಾಲಾಗಿ ಓಡಿದೆವು. ಹದಿನಾರರ ಹುಡುಗಿ ಕಸ್ತೂರಿ ಒಬ್ಬಳೇ ತಲೆಯ ಮೇಲೆ ಸೆರಗು ಹೊದ್ದು ಆಟ ಬಿಡದೆ ನಿಂತಿದ್ದಳು. ಜೇನು ಕೂತ ಮೇಲೆ ನಾವು ಮರಳಿ ಬಂದರೆ ಕರೆಂಟು ಹೋಗಿತ್ತು, ಪೆಟ್ಟಿಗೆ ಕಪ್ಪಗಿತ್ತು, ಇವಳು ಎರಡು ಕಡೆ ಜೇನು ಕಚ್ಚಿದ ಮುಖ ಊದಿಸಿಕೊಂಡು ಕುಣಿಯುತ್ತಿದ್ದಳು. "ಹನ್ನೆರಡು ನೋಡಿದೆ! ಅಲ್ಲಿ ದಪ್ಪ ಮೀಸೆಯಾಂವ ಎಲಿ ಹಾಕ್ಕೊಂಡು ಊಟಕ್ಕ ಕುಂತಿದ್ದ! ಅಷ್ಟರಾಗ ಕರೆಂಟು ಹೋತು!"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. "ನಿನಗ ಹಸಿವಾಗಿತ್ತೇನ?" ಎಂದು ಮೊದಲು ಕೇಳಿದವನು ನಾನೇ. ಸುಳ್ಳು ಎಂದು ಮೊದಲು ಅಂದವನೂ ನಾನೇ. ಅವತ್ತಿನಿಂದ ನಮ್ಮೂರಲ್ಲಿ ಯಾರಾದರೂ ಬೊಗಳೆ ಬಿಟ್ಟರೆ "ಹನ್ನೆರಡನೇ ಅಂತಸ್ತಿಗೆ ಹೋಗಬ್ಯಾಡೋ" ಅನ್ನುತ್ತಾರೆ. ಸಣ್ಣ ಮಕ್ಕಳೂ ಅನ್ನುತ್ತವೆ, ಯಾಕೆಂದು ಅವಕ್ಕೆ ಗೊತ್ತಿಲ್ಲ. ಮುಂದಿನ ಮಳೆಗಾಲದಲ್ಲಿ ಅಂಗಡಿ ಸೋರಿ ಪೆಟ್ಟಿಗೆಯ ಒಳಗೆಲ್ಲ ಸುಟ್ಟುಹೋಯಿತು. ಕಸ್ತೂರಿ ರಿಪೇರಿ ಕಲಿತದ್ದೇ ಅದನ್ನು ಸರಿಮಾಡಬೇಕೆಂದು. ಅದು ಸರಿಯಾಗಲಿಲ್ಲ. ಆ ನೆಪದಲ್ಲಿ ಊರಿನ ಮಿಕ್ಸರುಗಳೆಲ್ಲ ಸರಿಯಾದವು.

"ಯಾರನ್ನರ ಜೋಡಿ ಹಚ್ಕೊಳ್ಳಂಗಿಲ್ಲೇನು?" ಎಂದು ಜಗುಲಿಯ ಮೇಲೆ ಕೂತವಳನ್ನು ಕೇಳಿದೆ.

"ನೋಡಿದಾಕಿ ನಾನೊಬ್ಬಾಕಿ, ಮಾಡಾಕೀನೂ ನಾನೊಬ್ಬಾಕಿ. ಆರು ತಿಂಗಳು ಸಾಕು ನನಗ" ಎಂದಳು. ಆಮೇಲೆ ವಿವರಿಸತೊಡಗಿದಳು. ಗಿಳಿಯ ರೆಕ್ಕೆ ಬಡಿಯುವುದು ಅದೇನ್ ಮಹಾ. ಮೀಸೆಯವನ ನಡಿಗೆ ಅದೇನ್ ಮಹಾ. ಕೋಟೆಯ ಕಲ್ಲು ಬಿಡಿಸುವುದು ಅದೇನ್ ಮಹಾ. ಆ ಟಿಣ್ ಟಿಣ್ ಸದ್ದು ಕೂಡಿಸುವುದು, ಅಯ್ಯ, ಅದೇನ್ ಮಹಾ! ನಾನು ಬೆನ್ನ ಹಿಂದೆ ನಾಲ್ಕು ಬೆರಳು ಮಡಿಸಿದೆ.

ಅಂತಸ್ತಿನ ಒಂದು ಮೂಲೆ ಮಾಡಿ ತೋರಿಸು ಎಂದು ಕಳಿಸಿದೆ. ಮಾದರಿಯೇ ತಾನೆ, ಹದಿನೈದು ದಿನ ಎಂದು ಅವಳೇ ಹೇಳಿಕೊಂಡಳು. ಹದಿನಾರನೇ ದಿನ ಹೋಗಿ ನೋಡಿದರೆ ಕೋಟೆಯ ಮೂಲೆ ತಯಾರಾಗಿತ್ತು. ಅದೇ ಹಳದಿ ಕಲ್ಲು, ಅದೇ ದೀಪದ ಗೂಡು. ನಾಲ್ಕು ಮೂಲೆಗೆ ಎರಡು ತಿಂಗಳು. ಚೀಟಿಯ ಮೇಲೆ ಅಂತಸ್ತುಗಳನ್ನು ಒಂದರ ಕೆಳಗೊಂದು ಬರೆದು, ಎರಡೆರಡು ತಿಂಗಳು ಕೂಡಿಸಿ, ನಾಲ್ಕು "ಅದೇನ್ ಮಹಾ" ಸೇರಿಸಿ, "ಇಪ್ಪತ್ತಾರು ತಿಂಗಳು" ಅಂದೆ.

"ಇಪ್ಪತ್ತಾರ! ಅಣ್ಣಾ, ನಾ ಗಿಳಿ ಮಾಡಾಕತ್ತೀನೋ ಖರೇ ಕೋಟಿ ಕಟ್ಟಾಕತ್ತೀನೋ?"

"ಆರಕ್ಕ ನಿಲ್ಲಸ್ತೀನಿ ಅಂದ್ರ ನಿಲ್ಲಸು. ಎರಡನೇ ಅಂತಸ್ತಿನ ಮೆಟ್ಟಿಲಮ್ಯಾಲ ನಿನ್ನ ಗಿಳಿ ಜೀವನಪೂರ್ತಿ ಕುಂದರತೈತಿ. ಬಸಲಿಂಗಪ್ಪನ ಸೊಸಿನ್ನ ಕೇಳಿ ಬಾ ಹೋಗು."

ಅವಳು ನನ್ನ ಮುಖ ನೋಡಿದಳು. "ಆತು. ನೀ ಹೇಳಿದಿ ಅಂದಮ್ಯಾಲ ಮುಗೀತು" ಅಂದಳು. ಇಬ್ಬರೂ ಕಲ್ಲು ಹತ್ತಿದೆವು. ನಾನು ಇಪ್ಪತ್ತಾರು ತಿಂಗಳು ಎಂದೆ, ಅವಳು ಹೂಂ ಅಂದಳು. ಅಲ್ಲಿಗೆ ಗಂಟು ಬಿತ್ತು.

ಇಪ್ಪತ್ತಾರು ತಿಂಗಳು ನಮ್ಮೂರು ಹಬ್ಬ ಮಾಡಿತು ಅಂದರೂ ತಪ್ಪಿಲ್ಲ. ಕಸ್ತೂರಿಯ ಅಂಗಡಿಯ ಮುಂದೆ ಮುಟ್ಟದೆ ನಿಂತು ನೋಡುವವರದೇ ಸಾಲು. ಸಂಜೆಯಾದರೆ ಸಾಕು, "ಮೂರನೇ ಅಂತಸ್ತಿನಾಗ ಬಾವಲಿ ಎಡದಿಂದ ಬರ್ತಿತ್ತವಾ, ಬಲದಿಂದಲ್ಲ" ಎಂದು ಒಬ್ಬ, "ಬಾಯಿ ಮುಚ್ಚೋ, ನೀ ಮೂರರ ತನಕ ಹೋಗಿದ್ದಿ ಯಾವಾಗ?" ಎಂದು ಇನ್ನೊಬ್ಬ. ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಮಿಕ್ಸರು ಕೊಟ್ಟವರು ಕೈಯಲ್ಲೇ ಚಟ್ನಿ ರುಬ್ಬಿಕೊಂಡರು, ಒಬ್ಬರೂ ಗೊಣಗಲಿಲ್ಲ. ನಾನೂ ದಿನಾ ಒಂದು ಸುತ್ತು ಹೋಗಿ, "ನನ್ನ ಅಂದಾಜು ಹ್ಯಾಂಗೈತಿ?" ಎಂದು ಮೀಸೆ ತಿರುವಿ ಬರುತ್ತಿದ್ದೆ.

ಗಡುವಿಗೆ ಎಂಟು ದಿನ ಇರುವಾಗ ಅವಳೇ ನನ್ನ ಮನೆಗೆ ಬಂದಳು. ಜಗುಲಿಯ ಮೇಲೆ ಕೂರಲಿಲ್ಲ.

"ಅಣ್ಣಾ, ಹನ್ನೊಂದು ಮುಗೀತು. ಹನ್ನೆರಡು ಇನ್ನ ಮುಟ್ಟಿಲ್ಲ. ಎಂಟ ದಿನದಾಗ ಆಗಂಗಿಲ್ಲ. ನೀ ಹೇಳಿದ್ದು ಹ್ಯಾಂಗರ ಹೊಂದತೈತಿ, ಗುರುಪಾದಣ್ಣ ತಪ್ಪಂಗಿಲ್ಲ ಅಂತ ಸುಮ್ಮ ಮಾಡ್ಕೋತ ಬಂದೆ. ಆ ಚೀಟಿ ಒಮ್ಮಿ ತಗದು ನೋಡ್ತೀಯೇನು?"

ಚೀಟಿ ತೆಗೆಯುವ ಮೊದಲೇ ನನಗೆ ಗೊತ್ತಾಗಿತ್ತು. ತೆಗೆದೆ. ಒಂದರ ಕೆಳಗೊಂದು ಹನ್ನೊಂದು ಸಾಲು. ಹನ್ನೆರಡು ಬರೆಯಲೇ ಇಲ್ಲ. ಮರೆತದ್ದಲ್ಲ ಸ್ವಾಮಿ, ನನ್ನ ಕೈಗೆ ಅದು ಇದೆ ಅಂತಲೇ ಅನ್ನಿಸಿರಲಿಲ್ಲ.

ಆಗ ನಾನು ಮಾಡಿದ ಕೆಲಸ ಹೇಳಲು ಇವತ್ತಿಗೂ ನಾಚಿಕೆ. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, "ಅಂದಾಜು ಸರಿ ಐತಿ. ನೀನ ಆರಾಮ ಮಾಡಿದಿ, ನಾ ಏನ ಮಾಡ್ಲಿ" ಅಂದೆ. ಅವಳು ಜಡೆಯ ಟೆಸ್ಟರ್ ತೆಗೆದು, ಮತ್ತೆ ಸಿಕ್ಕಿಸಿಕೊಂಡು, ಹೊರಟುಹೋದಳು.

ನಮ್ಮ ಕಸುಬಿಗೆ ಒಂದು ಕಟ್ಟಳೆ ಇದೆ. ಅಂದಾಜು ತಪ್ಪಿದ್ದರೆ ಅಂದಾಜಿನವನು ಗಡುವಿನ ಒಳಗೆ ಕಲ್ಲು ಹತ್ತಿ, ಏನು ಬಿಟ್ಟೆ, ಯಾಕೆ ಬಿಟ್ಟೆ ಎಂದು ಊರಿಗೆ ಕೇಳುವ ಹಾಗೆ ಹೇಳಬೇಕು. ಹೇಳಿದರೆ ಗಡುವು ಸಡಿಲುತ್ತದೆ. ಆದರೆ ಅವತ್ತಿನಿಂದ ಅವನ ಮಾತಿಗೆ ಕಲ್ಲಾಗಲಿ ಒಲೆಯಾಗಲಿ ಕಿವಿಗೊಡುವುದಿಲ್ಲ, ಕಸುಬು ಹೋಯಿತು ಎಂದೇ ಅರ್ಥ. ಮೂರು ತಲೆಮಾರಿನ ಕಸುಬು. ಎರಡು ದಿನ ಅನ್ನ ಸೇರಲಿಲ್ಲ. ಹೆಂಡತಿ ಶಂಕ್ರವ್ವ ಕೇಳಿಯೇ ಕೇಳಿದಳು. ಬಿಡಿಸಿ ಹೇಳಿದೆ. ಅವಳು ರೊಟ್ಟಿ ತಟ್ಟುತ್ತ, ತಲೆ ಎತ್ತದೆ, "ನಿಮ್ಮ ಮಾತಿಗೆ ಮರ್ಯಾದಿ ಉಳೀಲಿ ಅಂತ ಆಕಿ ಮಾತಿಗೆ ಮಣ್ಣ ಹಾಕ್ತೀರೇನು?" ಅಂದಳು. ಅಷ್ಟೇ ಅಂದದ್ದು. ಆಮೇಲೆ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.

ಮೂರನೇ ದಿನ ಚಹಾದಂಗಡಿಗೆ ಹೋದರೆ ಕಿರಾಣಿ ಸಂಗಣ್ಣ ಗಟ್ಟಿಯಾಗಿ ಹೇಳುತ್ತಿದ್ದ. "ಹನ್ನೆರಡು ಬರಂಗಿಲ್ಲ ನೋಡ್ರಿ. ಇದ್ದರ ತಾನ ಬರೂದು? ಗುರುಪಾದಣ್ಣಗ ಮೊದಲ ಗೊತ್ತಿತ್ತು." ಎಲ್ಲರೂ ನಕ್ಕು ನನ್ನ ಕಡೆ ನೋಡಿದರು. ಮೂವತ್ತು ವರ್ಷದ ಹಿಂದೆ ನಾನೇ ನಗಿಸಿದ ನಗು ಅದು. ಕುಡಿಯುತ್ತಿದ್ದ ಚಹಾ ಅಲ್ಲೇ ಇಟ್ಟು ಸೀದಾ ಹೋಗಿ ಕಲ್ಲು ಹತ್ತಿದೆ. ಸಂತೆಯ ದಿನ, ಪೇಟೆ ಗಿಜಿಗಿಜಿ ಅನ್ನುತ್ತಿತ್ತು. ಕಸ್ತೂರಿ ತನ್ನ ಅಂಗಡಿಯಿಂದ ಹೊರಗೆ ಬಂದು ನಿಂತಳು.

"ಕೇಳ್ರಪ್ಪೋ!" ಎಂದು ಕೂಗಿದೆ. "ಕೋಟೆ ಗಿಳಿಗೆ ನಾ ಹನ್ನೊಂದ ಅಂತಸ್ತು ಎಣಿಸಿದೆ. ಹನ್ನೆರಡನೇದು ಬಿಟ್ಟೆ. ಯಾಕ ಬಿಟ್ಟೆ ಅಂದ್ರ, ಕಸ್ತೂರಿ ಸುಳ್ಳು ಹೇಳ್ತಾಳ ಅಂತ ನಂಬಿದ್ದೆ. ಯಾಕ ನಂಬಿದ್ದೆ ಅಂದ್ರ..." ಕಲ್ಲು ಬಿಸಿಯಾಗಿತ್ತು, ಅಂಗಾಲು ಸುಡುತ್ತಿತ್ತು. "ಯಾಕಂದ್ರ ನಾ ಹನ್ನೊಂದಕ್ಕ ಸತ್ತಿದ್ದೆ! ಒಂದು ಹುಡುಗಿ ನನಗಿಂತ ಮ್ಯಾಲ ಹೋತು ಅಂದ್ರ ಹೊಟ್ಟಿ ಉರೀತು. ಆಕೀದ ತಪ್ಪಿಲ್ಲ. ಇನ್ನ ಎರಡು ತಿಂಗಳು!"

ತರಕಾರಿಯವಳೊಬ್ಬಳು, "ಅಬ್ಬಾ, ಮೂವತ್ತು ವರ್ಷ ಬೇಕಾತೇನಪಾ ಇಷ್ಟ ಹೇಳಾಕ! ಇದಕ್ಕ ಯಾರು ಅಂದಾಜು ಹಾಕಿದ್ದರು?" ಎಂದಳು. ಇಡೀ ಸಂತೆ ಹೋ ಎಂದು ನಕ್ಕಿತು, ನಾನೂ ನಕ್ಕೆ, ನಗುತ್ತ ಕೆಳಗಿಳಿಯಲು ಹೋಗಿ ಮುಗ್ಗರಿಸಿದೆ. ಹಿಡಿದವಳು ಕಸ್ತೂರಿ. "ಅಣ್ಣಾ, ಕಸುಬು ಹೋತಲ್ಲೋ" ಅಂದಳು. ಅವಳ ಕಣ್ಣು ತುಂಬಿತ್ತು. "ಹೋಗಲಿ ಬಿಡು, ಅದೇನ್ ಮಹಾ" ಅಂದೆ.

ಕಸುಬು ಹೋದದ್ದು ಮಾತ್ರ ನಿಜ. ಈಗ ಅದನ್ನು ನನ್ನ ತಂಗಿಯ ಮಗಳು ನೋಡಿಕೊಳ್ಳುತ್ತಾಳೆ, ನನಗಿಂತ ಚುರುಕು. ಆದರೆ ಹೋದದ್ದರ ಜೊತೆ ಏನು ಬಂತು ಎನ್ನುವುದು ನನಗೆ ಒಂದು ವಾರದ ಮೇಲೆ ತಿಳಿಯಿತು. ಸುಮ್ಮನೆ ಕೂತು ಬೇಜಾರಾಗಿ ಹಳೇ ಸೀರೆ ಧೋತರದ ತುಂಡು ಹಿಡಿದು ಕೌದಿ ಹೊಲಿಯಲು ಕೂತೆ. ಗಡುವು ಹೇಳಿದರೂ ಪ್ರಯೋಜನವಿಲ್ಲ ಎಂದು ಹೇಳಲೇ ಇಲ್ಲ. ಸೂಜಿ ಸರಕ್ಕನೆ ಇಳಿಯಿತು! ಇಡೀ ಊರಲ್ಲಿ ಯಾವಾಗ ಮುಗಿಯುತ್ತದೆ ಎಂದು ಹೇಳದೆ ಕೆಲಸ ಹಿಡಿಯುವವನು ಈಗ ನಾನೊಬ್ಬನೇ. ಜನ ಸಂಜೆ ಬಂದು ಕೂತು "ಯಾವಾಗ ಮುಗೀತೈತಿ?" ಎಂದು ಕೇಳುತ್ತಾರೆ. "ಯಾರಿಗೆ ಗೊತ್ತು!" ಅನ್ನುತ್ತೇನೆ. ಅವರಿಗೆ ಮೈ ಜುಮ್ಮೆನ್ನುತ್ತದೆ, ಇನ್ನೊಮ್ಮೆ ಹೇಳು ಅನ್ನುತ್ತಾರೆ. ನಾನು ಇನ್ನೊಮ್ಮೆ ಹೇಳುತ್ತೇನೆ.

ಎರಡು ತಿಂಗಳಾದ ಮರುದಿನ ಬೆಳಿಗ್ಗೆ ಕಸ್ತೂರಿ ತನ್ನ ಕಂಪ್ಯೂಟರನ್ನು ಹೊತ್ತು ತಂದು ನೀಲವ್ವನ ಅಂಗಡಿಯ ಅದೇ ಮೂಲೆಯಲ್ಲಿಟ್ಟಳು. ನೀಲವ್ವನಿಗೆ ಈಗ ಎಪ್ಪತ್ತೈದು, ಇವತ್ತಿಗೂ ಚಹಾ ತಾನೇ ಕಾಸುವುದು. ಅಂಗಡಿ ತುಂಬಿ ಜನ ಕಿಟಕಿಗೆ ಜೋತುಬಿದ್ದಿದ್ದರು. ಮೊದಲ ಆಟ ನನಗೇ ಕೊಟ್ಟರು. ಟಿಣ್ ಟಿಣ್ ಎಂದು ಸದ್ದು ಶುರುವಾದದ್ದೇ ತಡ, ಮೂರನೇ ಅಂತಸ್ತಿನಲ್ಲಿ ಬಾವಲಿಗೆ ಸಿಕ್ಕು ಸತ್ತೆ. ಬಾವಲಿ ಎಡದಿಂದಲೇ ಬಂತು. ಎಲ್ಲರೂ ನಗುತ್ತ ನನ್ನನ್ನು ಎಬ್ಬಿಸಿ ಕಸ್ತೂರಿಯನ್ನು ಕೂರಿಸಿದರು.

ಏನು ಆಡಿದಳು ಅಂತೀರಿ! ನಾಲ್ಕು, ಏಳು, ಒಂಬತ್ತು. ಹನ್ನೊಂದಕ್ಕೆ ಬಂದಳು. ಅಷ್ಟರಲ್ಲಿ ಸಂಗಣ್ಣ ಬಾಯಿ ತೆರೆದ. "ನೋಡವಾ ಕಸ್ತೂರಿ, ಬ್ಯಾಸರ ಮಾಡ್ಕೋಬ್ಯಾಡ. ಇದು ನೀನ ಮಾಡಿದ್ದು. ನಾಳೆ ನಾ ಕಲತು ಹದಿಮೂರನೇ ಅಂತಸ್ತು ಮಾಡಿದರ ಅದೂ ಇತ್ತು ಅಂತ ಆಕ್ಕೈತೇನು? ಅವತ್ತ ನೀ ನೋಡಿದ್ದು ಖರೇ ಅನ್ನಾಕ ಇದು ಸಾಕ್ಷಿ ಹ್ಯಾಂಗ ಆಕ್ಕೈತಿ?"

ಅವನ ಮೇಲೆ ಎಂಥ ಸಿಟ್ಟು ಬಂತು ನನಗೆ! ಆದರೆ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಯಾರಿಗೂ ಆಗಲಿಲ್ಲ. ಕಸ್ತೂರಿಯ ಮುಖದ ಬಣ್ಣ ಇಳಿಯಿತು. ಇಪ್ಪತ್ತೆಂಟು ತಿಂಗಳು ಒಬ್ಬಳೇ ಕೂತು ಮಾಡಿದ್ದು ಒಂದೇ ಮಾತಿಗೆ ಕೈಯಿಂದ ಜಾರಿದ ಹಾಗೆ ಕೂತಳು. ಆದರೂ ಆಟ ಬಿಡಲಿಲ್ಲ. ಗಿಳಿ ಕೊನೆಯ ಮೆಟ್ಟಿಲು ದಾಟಿ ಮೇಲೆ ಹಾರಿತು.

ಹನ್ನೆರಡನೇ ಅಂತಸ್ತು. ತೆರೆದ ಮಾಳಿಗೆ, ಸುತ್ತ ಆಕಾಶ. ಬಾವಲಿ ಇಲ್ಲ, ಬಾಣ ಇಲ್ಲ. ದಪ್ಪ ಮೀಸೆಯವನು ಕೋಲು ಗೋಡೆಗೆ ಒರಗಿಸಿ, ಎಲೆ ಹಾಕಿಕೊಂಡು, ಚಕ್ಕಂಬಕ್ಕಳ ಹಾಕಿ ಕೂತ.

"ಈಗ ರುಮಾಲ ಬಿಚ್ಚಿ ತೊಡಿಮ್ಯಾಲ ಇಟ್ಕೋತಾನ ನೋಡ್ರಿ" ಎಂದು ಒಲೆಯ ಹಿಂದಿನಿಂದ ನೀಲವ್ವ ಅಂದಳು.

ಪರದೆಯ ಮೇಲೆ ಮೀಸೆಯವನು ನಿಧಾನಕ್ಕೆ ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

ಕಸ್ತೂರಿ ಗಕ್ಕನೆ ತಿರುಗಿದಳು. "ಅವ್ವಾ, ರುಮಾಲಿನ ಮಾತು ನಾ ಯಾರಿಗೂ ಹೇಳಿಲ್ಲ. ನಿನಗ ಹ್ಯಾಂಗ ಗೊತ್ತಾತು?"

ನೀಲವ್ವ ಚಹಾ ಸೋಸುವುದನ್ನು ನಿಲ್ಲಿಸಲಿಲ್ಲ. "ಪೆಟಿಗಿ ಕೀಲಿ ನನ್ನ ಕೈಯಾಗ ಇತ್ತಲ್ಲವಾ. ಮುಂಜಾನೆ ಕಸ ಹೊಡದು, ಹಾಲು ಕಾಯೂತನಕ ದಿನಾ ಆಡ್ತಿದ್ದೆ. ಹನ್ನೆರಡನೇದು ನೂರು ಸಲ ನೋಡೀನಿ."

"ಮತ್ತ ಯಾಕ ಹೇಳಲಿಲ್ಲ?" ಎಂದು ಕೂಗಿದವನು ನಾನು.

"ಮ್ಯಾಲ ಏನೈತಿ ಅಂತ ಹೇಳಿದ್ರ ನೀವು ಎಂಟಾಣೆ ಹಾಕ್ತಿದ್ದಿರೇನು? ಆಮ್ಯಾಲ ಪೆಟಿಗಿ ಸುಟ್ಟಮ್ಯಾಲ, ಇಷ್ಟ ದಿನ ಬಾಯಿ ಮುಚ್ಚಿದಾಕಿ ಯಾವ ಮುಖಲೇ ಹೇಳ್ಲಿ? ತಪ್ಪಾತು, ಮಗಳ. ಹೊಟ್ಟಿಯಾಗ ಹಾಕ್ಕೋ."

ಸಂಗಣ್ಣ ತಲೆ ಕೆರೆದುಕೊಂಡ. ಅಂಗಡಿಯೆಲ್ಲ ಒಮ್ಮೆಲೇ ಮಾತಾಡತೊಡಗಿತು. ಯಾರೋ ಕಸ್ತೂರಿಯ ಬೆನ್ನು ಚಪ್ಪರಿಸಿದರು, ಯಾರೋ ಸಿಳ್ಳೆ ಹೊಡೆದರು. ಅವಳು ಅಳುತ್ತಲೂ ನಗುತ್ತಲೂ ಇದ್ದಳು. ಆ ಗದ್ದಲದಲ್ಲೇ ನೀಲವ್ವ ಕೈ ಒರೆಸಿಕೊಂಡು ಪರದೆಯ ಹತ್ತಿರ ಬಂದು ಬಗ್ಗಿ ನೋಡಿದಳು. ಅಲ್ಲಿ ಆಟ ನಡೆದೇ ಇತ್ತು. ಗಿಳಿ ಹೆದರುತ್ತ ಹೆದರುತ್ತ ಕುಪ್ಪಳಿಸಿ ಎಲೆಯ ಹತ್ತಿರ ಬಂತು. ಮೀಸೆಯವನು ಅದನ್ನು ನೋಡಿದ, ಪಕ್ಕಕ್ಕೆ ಸರಿದ, ಕೂರಲು ಜಾಗ ಬಿಟ್ಟ. ಎಲೆಯ ಅಂಚಿಗೆ ಒಂದು ತುತ್ತು ಸರಿಸಿದ. ಗಿಳಿ ಕೊಕ್ಕು ಹಾಕಿತು.

"ಇದು ಇದ್ದಿಲ್ಲ" ಅಂದಳು ನೀಲವ್ವ.

ಕಸ್ತೂರಿ ಕಣ್ಣೊರೆಸಿಕೊಂಡಳು. "ಹೌದವ್ವಾ. ಕರೆಂಟು ಹೋತಲ್ಲ, ಮುಂದ ಏನಾತು ನಾ ನೋಡಲಿಲ್ಲ. ಇದು ನಂದ. ಖರೇ ಏನ ಇತ್ತು?"

"ಏನಿರತೈತಿ. ಒಬ್ಬನ ಕುಂತು ಎಲ್ಲಾ ತಿಂತಿದ್ದ. ಕೈ ತೊಳಕೊಂಡು, ಮತ್ತ ಕೋಲು ಹಿಡಕೊಂಡು ಒಂದನೇ ಅಂತಸ್ತಿನಿಂದ ಅಟ್ಟಿಸಿಕೊಂಡು ಬರ್ತಿದ್ದ. ದಿನಾ ಅದ." ನೀಲವ್ವ ಕಸ್ತೂರಿಯ ಕೆನ್ನೆಗೆ ಕೈ ತಾಗಿಸಿ ತನ್ನ ಹಣೆಯ ಮೇಲೆ ನೆಟಿಗೆ ಮುರಿದಳು. "ಮೂವತ್ತು ವರ್ಷ ಆ ಗಿಳಿ ಉಪವಾಸ ಇತ್ತು. ಇವತ್ತ ಉಂಡಿತು ನೋಡು, ಮಗಳ."